ಚಾರ್ಜ್ ಆಗದೆ ಉಳಿದ ಗೇಮು

ನನ್ನ ಹೆಂಡತಿಯ ಗೇಮು ಚಾರ್ಜ್ ಆಗುವುದನ್ನು ನಿಲ್ಲಿಸಿದ್ದು ಒಂದು ಮಂಗಳವಾರ ಬೆಳಿಗ್ಗೆ. ವಾರ ಮರೆಯುವಂತಿಲ್ಲ. ಆಗ ನಮ್ಮ ಮನೆಯಲ್ಲಿ ವಾರವೆಂದರೆ ಮಂಗಳವಾರ ಮತ್ತು ಶುಕ್ರವಾರ ಮಾತ್ರ. ಆ ಎರಡು ದಿನ ಧಾರವಾಡದ ಸಪ್ತಾಪುರದಿಂದ ಬಸ್ಸು ಹಿಡಿದು ಹುಬ್ಬಳ್ಳಿಯ ಆಸ್ಪತ್ರೆಗೆ ಹೋಗಬೇಕು. ಅವಳು ಡಯಾಲಿಸಿಸ್ ಮಂಚದ ಮೇಲೆ ನಾಲ್ಕು ತಾಸು ಮಲಗಬೇಕು. ನಾನು ಹೊರಗಿನ ಬೆಂಚಿನ ಮೇಲೆ ಕೂತಿರಬೇಕು. ಉಳಿದ ದಿನಗಳಲ್ಲಿ ಹಿಂದಿನ ಸಲದ ದಣಿವು ಆರಿಸಿಕೊಳ್ಳುವುದು, ಮುಂದಿನ ಸಲದವರೆಗೆ ನೀರು ಅಳೆದು ಕುಡಿಯುವುದು.

ಗೇಮು ಎಂದು ನಾವು ಕರೆಯುತ್ತಿದ್ದದ್ದು ಎರಡು ಅಂಗೈ ಅಗಲದ ಒಂದು ಯಂತ್ರವನ್ನು. ನಡುವೆ ಪರದೆ, ಎರಡೂ ಬದಿಗೆ ಗುಂಡಿಗಳು. ಅದು ಮಗಳದು. ಹಾಸ್ಟೆಲಿನಲ್ಲಿದ್ದಾಗ ಕೊಂಡಿದ್ದಳು. ಮದುವೆಯಾಗಿ ಬೆಳಗಾವಿಗೆ ಹೋಗಿ, ಕೂಸು ಹುಟ್ಟಿದ ಮೇಲೆ ಅವಳಿಗೆ ಅದನ್ನು ಮುಟ್ಟಲು ಪುರುಸೊತ್ತಿರಲಿಲ್ಲ. ತಾಯಿಗೆ ಡಯಾಲಿಸಿಸ್ ಶುರುವಾದ ತಿಂಗಳು ಬಂದು, ನಾಲ್ಕು ತಾಸು ಸೂರು ನೋಡುತ್ತ ಮಲಗುವುದಕ್ಕಿಂತ ಇದನ್ನು ಆಡು ಎಂದು ಕೊಟ್ಟು ಹೋದಳು. ಹೆಂಡತಿ ನಕ್ಕಳು. ಅವಳು ಇಪ್ಪತ್ತಾರು ವರ್ಷ ಹೈಸ್ಕೂಲಿನಲ್ಲಿ ಕನ್ನಡ ಕಲಿಸಿದವಳು. ಮಕ್ಕಳ ಪಾಟೀಚೀಲದಿಂದ ಇಂಥವನ್ನು ಕಸಿದುಕೊಂಡು ಹೆಡ್ ಮಾಸ್ತರರ ಕಪಾಟಿನಲ್ಲಿ ಇಡಿಸಿದವಳು.

ಆದರೆ ಎರಡನೇ ವಾರಕ್ಕೇ ಅವಳು ಅದನ್ನು ಕೈಗೆ ತೆಗೆದುಕೊಂಡಳು. ಎಡಗೈಯ ಮೊಣಕೈ ಮೇಲೆ ಎರಡು ಸೂಜಿ ಚುಚ್ಚಿರುತ್ತಾರೆ. ಕೈ ಎತ್ತುವಂತಿಲ್ಲ, ಬೆರಳು ಆಡಿಸಬಹುದು. ಹೊಟ್ಟೆಯ ಮೇಲೆ ಒಂದು ದಿಂಬು, ದಿಂಬಿನ ಮೇಲೆ ಗೇಮು. ಅದರಲ್ಲಿದ್ದದ್ದು ಊರು ಕಟ್ಟುವ ಒಂದು ಆಟ. ಹುಲ್ಲಿನ ಟೊಪ್ಪಿಗೆ ಹಾಕಿಕೊಂಡ ಒಬ್ಬ ಪುಟ್ಟ ಮನುಷ್ಯ ನದಿಯ ದಂಡೆಯ ಬಯಲಿಗೆ ಬರುತ್ತಾನೆ. ಕಲ್ಲು ಆರಿಸಬೇಕು, ನೆಲ ಅಗೆಯಬೇಕು, ಬಿತ್ತಬೇಕು, ಗಿಡ ಹಚ್ಚಬೇಕು, ದಾರಿ ಹಾಕಬೇಕು. ವೈರಿಗಳಿಲ್ಲ, ಗುಂಡು ಹಾರಿಸುವುದಿಲ್ಲ, ಗೆಲ್ಲುವುದು ಸೋಲುವುದು ಇಲ್ಲ. ಊರಿಗೊಂದು ಹೆಸರು ಇಡು ಎಂದು ಯಂತ್ರ ಕೇಳಿದಾಗ ಅವಳು ತನ್ನ ತವರೂರು ಸುಳ್ಳದ ಹೆಸರನ್ನೇ ಇಟ್ಟಳು. ಜೋಳದ ಬೀಜ ಸಿಗುವುದಿಲ್ಲವೆಂದು ಮೊದಮೊದಲು ತಕರಾರು ಮಾಡುತ್ತಿದ್ದಳು. ಗಜ್ಜರಿ, ಎಲೆಕೋಸು ಬಿತ್ತಿ ಏನು ಮಾಡುವುದು, ಎರೀ ಹೊಲದವರು ನಾವು ಎನ್ನುತ್ತಿದ್ದಳು. ನಾನು ಹೂಂ ಎನ್ನುತ್ತಿದ್ದೆ. ಎರಡೂವರೆ ವರ್ಷ ಅವಳು ಆಡಿದಳು, ಎರಡೂವರೆ ವರ್ಷ ನಾನು ಹೂಂ ಎಂದೆ. ಒಂದು ಸಲವೂ ಆ ಪರದೆಯನ್ನು ನೆಟ್ಟಗೆ ಕೂತು ನೋಡಲಿಲ್ಲ. ವೇಳೆ ಕಳೆಯುತ್ತದಲ್ಲ, ಸಾಕು ಎಂದುಕೊಂಡಿದ್ದೆ.

ಆ ಮಂಗಳವಾರ ದೀಪಾವಳಿ ಮುಗಿದು ನಾಲ್ಕು ದಿನವಾಗಿತ್ತು. ಹಿಂದಿನ ದಿನ ಸಂಜೆಯೇ ಚಾರ್ಜಿಗೆ ಹಾಕಿದ್ದಳು. ಬೆಳಿಗ್ಗೆ ಚೀಲ ತುಂಬುವಾಗ ಗುಂಡಿ ಒತ್ತಿದರೆ ಪರದೆ ಕಪ್ಪಗೇ ಇತ್ತು. ಬ್ಯಾಟರಿ ಪೂರ್ತಿ ಇಳಿದಿರಬೇಕು, ಬಂದ ಮೇಲೆ ನೋಡುತ್ತೇನೆ ಎಂದೆ. ಅವತ್ತು ಅವಳು ಬರಿಗೈಯಲ್ಲಿ ಮಲಗಿದಳು. ಹೊರಗೆ ಬಂದಾಗ ಮುಖ ಬೂದಿಬಣ್ಣವಾಗಿತ್ತು. ಬಿ.ಪಿ. ಇಳಿದಿತ್ತು ಎಂದಳು. ಅದು ಆಗಾಗ ಇಳಿಯುತ್ತಿತ್ತು, ನಾನು ಬೇರೆ ಅರ್ಥ ಹಚ್ಚಲಿಲ್ಲ.

ನಾನು ಪಿ.ಯು. ಕಾಲೇಜಿನಲ್ಲಿ ಮೂವತ್ತೊಂದು ವರ್ಷ ಫಿಜಿಕ್ಸ್ ಕಲಿಸಿ ನಿವೃತ್ತನಾದವನು. ವಿದ್ಯುತ್ತಿನ ಪಾಠ ನನ್ನ ಇಷ್ಟದ ಪಾಠ. ಆದ್ದರಿಂದ ಮರುದಿನ ಊಟದ ಮೇಜಿನ ಮೇಲೆ ಹಳೆಯ ಪೇಪರು ಹಾಸಿ, ಕನ್ನಡಕ ಹಾಕಿಕೊಂಡು, ಕ್ರಮವಾಗಿ ಶುರುಮಾಡಿದೆ. ಮೊದಲು ಪ್ಲಗ್ ಬದಲಿಸಿದೆ. ಆಮೇಲೆ ವಾಯರು ಬದಲಿಸಿದೆ. ಆ ವಾಯರಿನಿಂದ ನನ್ನ ಮೊಬೈಲು ಚಾರ್ಜ್ ಆಗುತ್ತಿತ್ತು, ಅಂದರೆ ವಾಯರು ಸರಿ ಇತ್ತು. ಗೇಮಿನ ಸ್ವಂತ ಅಡಾಪ್ಟರ್ ಹದಿನೈದು ದಿನದ ಹಿಂದೆ ಆಸ್ಪತ್ರೆಯಲ್ಲಿ ಮರೆತು ಕಳೆದುಹೋಗಿತ್ತು. ಅದರ ಬದಲು ನಾನೇ ಹುಬ್ಬಳ್ಳಿಯಲ್ಲಿ ರಸ್ತೆ ಬದಿಯ ಗಾಡಿಯಿಂದ ಒಂದನ್ನು ತಂದಿದ್ದೆ. ಅದರಿಂದಲೂ ಮೊಬೈಲು ಚಾರ್ಜ್ ಆಯಿತು. ಅಂದರೆ ಅದೂ ಸರಿ. ವಾಯರು ಸಿಕ್ಕಿಸುವ ತೂತಿಗೆ ಟಾರ್ಚು ಬಿಟ್ಟು ನೋಡಿದೆ. ನೂಲಿನಂಥ ಕಸ ಇತ್ತು. ಹಲ್ಲುಕಡ್ಡಿಯಿಂದ ಮೆಲ್ಲಗೆ ಕೆರೆದು ತೆಗೆದೆ. ವಾಯರು ಸಿಕ್ಕಿಸಿ ಕಾದೆ. ಏನೂ ಇಲ್ಲ.

ಮಗಳಿಗೆ ವಿಡಿಯೋ ಕಾಲ್ ಮಾಡಿದೆ. ಕೂಸನ್ನು ಕಂಕುಳಲ್ಲಿ ಇಟ್ಟುಕೊಂಡೇ ಅವಳು ಹೇಳುತ್ತ ಹೋದಳು, ನಾನು ಮಾಡುತ್ತ ಹೋದೆ. ಪವರ್ ಗುಂಡಿಯನ್ನು ಹದಿನೈದು ಸೆಕೆಂಡು ಒತ್ತಿ ಹಿಡಿದೆ. ಬಿಟ್ಟು ಮತ್ತೊಮ್ಮೆ ಒತ್ತಿದೆ. ಬ್ಯಾಟರಿ ತೀರ ಇಳಿದಿದ್ದರೆ ಎಚ್ಚರಾಗಲು ವೇಳೆ ಬೇಕಂತೆ, ಅರ್ಧ ದಿನ ಹಾಗೇ ಬಿಡಿರಿ ಎಂದಳು; ಬಿಟ್ಟೆ. ಮಧ್ಯಾಹ್ನ ಮೂರರ ಸುಮಾರಿಗೆ ಪರದೆಯ ನಡುವೆ ಖಾಲಿ ಬ್ಯಾಟರಿಯ ಗುರುತೊಂದು ಮೂಡಿತು. ನಾನು ಅಡುಗೆಮನೆಗೆ ಕೂಗಿ ಹೇಳಿದೆ. ಹೆಂಡತಿ ಕೈ ಒರೆಸಿಕೊಳ್ಳುತ್ತ ಬಂದು ನಿಲ್ಲುವಷ್ಟರಲ್ಲಿ ಅದು ಆರಿಹೋಗಿತ್ತು. ಇಬ್ಬರೂ ಕಪ್ಪು ಪರದೆಯಲ್ಲಿ ನಮ್ಮ ಮುಖಗಳನ್ನೇ ನೋಡಿದೆವು. ಆ ಗುರುತು ಮತ್ತೆ ಬರಲಿಲ್ಲ.

ಗುರುವಾರ ನಮ್ಮ ಓಣಿಯ ತಿರುವಿನಲ್ಲಿರುವ ಮೊಬೈಲ್ ರಿಪೇರಿ ಅಂಗಡಿಗೆ ಒಯ್ದೆ. ಹಾಸ್ಟೆಲಿನ ಹುಡುಗರ ಫೋನುಗಳನ್ನು ನೋಡಿ ಪಳಗಿದ ಮನುಷ್ಯ. ಇಂಥದ್ದನ್ನು ಬಿಚ್ಚಿದ್ದು ಕಡಿಮೆ ಎಂದು ಮೊದಲೇ ಹೇಳಿದ. ಆದರೂ ತೆರೆದು, ಚಾರ್ಜಿಂಗ್ ಪೋರ್ಟ್ ಬದಲಿಸಿ ನೋಡಿದ. ಶನಿವಾರ ಹೋದಾಗ, ಪೋರ್ಟಿನ ತಪ್ಪಲ್ಲ, ಬೋರ್ಡೇ ಹೋಗಿದೆ, ಇದನ್ನು ಬಿಟ್ಟು ಹೊಸದು ತಗೊಳ್ಳಿ ಎಂದ. ಕಂಪನಿಯ ಸರ್ವಿಸ್ ಸೆಂಟರಿಗಾಗಿ ಹುಡುಕಿದೆ. ಹುಬ್ಬಳ್ಳಿ ಧಾರವಾಡ ಎರಡರಲ್ಲೂ ಇರಲಿಲ್ಲ. ಮಗಳು, ಆಟ ಇಂಟರ್ನೆಟ್ಟಿನಲ್ಲೂ ಉಳಿದಿರಬಹುದು ಎಂದು ಆಸೆಪಟ್ಟು ನೋಡಿದಳು. ಅದಕ್ಕೆ ಪ್ರತಿವರ್ಷ ಚಂದಾ ಕಟ್ಟಬೇಕಿತ್ತು. ಅವಳು ಮದುವೆಯಾದ ವರ್ಷವೇ ಬಿಟ್ಟಿದ್ದಳು.

ಭಾನುವಾರ ಬೆಳಿಗ್ಗೆ ನಾನು ಹೆಂಡತಿಗೆ ಹೊಸ ಗೇಮು ತರಿಸೋಣ ಎಂದೆ. ಅವಳು ಹಿತ್ತಲ ಬಾಗಿಲಲ್ಲಿ ಕೂತು ಮೆಂತೆಯ ಸೊಪ್ಪು ಬಿಡಿಸುತ್ತಿದ್ದಳು. ಸೊಪ್ಪು ನನಗೆ. ಅವಳ ಪಾಲಿನದನ್ನು, ಪೊಟ್ಯಾಶಿಯಂ ಕಡಿಮೆಯಾಗಲೆಂದು, ಎರಡು ಸಲ ಕುದಿಸಿ ನೀರು ಬಸಿದು ಕೊಡಬೇಕಾಗುತ್ತಿತ್ತು, ಅದಕ್ಕೆ ರುಚಿ ಇರುವುದಿಲ್ಲವೆಂದು ಅವಳು ಬಿಟ್ಟೇಬಿಟ್ಟಿದ್ದಳು.

"ಹೊಸಾದು ಬ್ಯಾಡ," ಎಂದಳು.

"ಯಾಕ? ಅದ ಆಟ ಅದರಾಗೂ ಬರತೈತಿ."

"ಇದರಾಗ ನನ್ನ ಗಿಡಾ ಅದಾವು."

"ಹೊಸಾದರಾಗ ಮತ್ತ ಹಚ್ಚಿದರಾತು."

ಅವಳು ಸೊಪ್ಪು ಬಿಡಿಸುವುದನ್ನು ನಿಲ್ಲಿಸಿ ನನ್ನ ಕಡೆ ನೋಡಿದಳು. ಹೇಳಲೋ ಬೇಡವೋ ಎಂದು ಅಳೆಯುವ ನೋಟ. ಆಮೇಲೆ ತಲೆ ತಗ್ಗಿಸಿ ಹೇಳತೊಡಗಿದಳು.

ಡಯಾಲಿಸಿಸ್ ಶುರುವಾದ ಮೂರನೇ ತಿಂಗಳು ಅವಳ ಪಕ್ಕದ ಮಂಚದಲ್ಲಿ ಹಳೇ ಹುಬ್ಬಳ್ಳಿಯ ಒಬ್ಬ ದರ್ಜಿ ಇದ್ದನಂತೆ. ಅವಳ ಕುಪ್ಪಸದ ತೋಳು ನೋಡಿ, ಸೂಜಿ ಚುಚ್ಚಲು ಅನುಕೂಲವಾಗಲೆಂದು ತೋಳಿಗೆ ಗುಂಡಿ ಇಟ್ಟು ಹೊಲಿಯುವುದು ಹೇಗೆಂದು ಹೇಳಿಕೊಟ್ಟಿದ್ದನಂತೆ. ಅವಳು ಹಾಗೆಯೇ ಹೊಲಿಸಿಕೊಂಡಿದ್ದಳು. ಆ ಕುಪ್ಪಸಗಳನ್ನು ನಾನೂ ಕಂಡಿದ್ದೆ, ಎಲ್ಲಿಂದ ಬಂತೆಂದು ಕೇಳಿರಲಿಲ್ಲ. ಒಂದು ಶುಕ್ರವಾರ ಅವನು ಬರಲಿಲ್ಲ. ಮಂಚದಲ್ಲಿ ಬೇರೆ ಯಾರೋ ಮಲಗಿದ್ದರು. ಆ ವಾರ್ಡಿನಲ್ಲಿ ಯಾರೂ ಸತ್ತರು ಎಂಬ ಮಾತು ಆಡುವುದಿಲ್ಲ. ಬರುವುದು ಬಿಟ್ಟರು ಎನ್ನುತ್ತಾರೆ. ಅವತ್ತು ಅವಳು ಗೇಮಿನ ನದಿಯ ದಂಡೆಯಲ್ಲಿ ಒಂದು ಗಿಡ ಹಚ್ಚಿದಳು. ಪಕ್ಕದಲ್ಲಿ ಒಂದು ಪುಟ್ಟ ಹಲಗೆ ನೆಟ್ಟು ಅದರ ಮೇಲೆ ಅವನ ಹೆಸರು ಬರೆದಳು. ಆಟದಲ್ಲಿ ಕನ್ನಡದ ಅಕ್ಷರವಿರಲಿಲ್ಲ. ಇಂಗ್ಲಿಷಿನಲ್ಲಿ ಬರೆಯಬೇಕಿತ್ತು, ಅದೂ ಎಂಟೇ ಅಕ್ಷರ. ಉದ್ದ ಹೆಸರುಗಳನ್ನು ಕತ್ತರಿಸಬೇಕಾಗುತ್ತಿತ್ತು.

ಹಾಗೆ ಒಬ್ಬೊಬ್ಬರಿಗೆ ಒಂದೊಂದು. ಎರಡೂವರೆ ವರ್ಷದಲ್ಲಿ ಹನ್ನೊಂದು ಗಿಡ.

"ಮಂಚ ಒಂದ ದಿನಾನೂ ಖಾಲಿ ಇರಂಗಿಲ್ಲ ನೋಡ್ರಿ," ಎಂದಳು. "ಮಂಗಳವಾರ ನಮ್ಮ ಜೋಡಿ ಮಾತಾಡ್ಕೋತ ಇದ್ದವರು ಶುಕ್ರವಾರ ಇರಂಗಿಲ್ಲ. ಅವರ ಚಾದರ ತಗದು ಬ್ಯಾರೆ ಚಾದರ ಹಾಸಿರತಾರ. ಅವರು ಅಲ್ಲಿದ್ರು ಅನ್ನೂದಕ್ಕ ಏನೂ ಉಳಿಯಂಗಿಲ್ಲ. ಎಲ್ಲೆರೆ ಒಂದು ಗುರ್ತು ಬೇಕಲ್ಲ."

ಪ್ರತಿದಿನ ಆಟ ತೆರೆದ ಕೂಡಲೇ ಮೊದಲು ಆ ಸಾಲಿನ ಹತ್ತಿರ ಹೋಗಿ ಒಂದು ಸುತ್ತು ಹಾಕಿ ಬರುತ್ತಿದ್ದಳಂತೆ. ಆಮೇಲೆ ಹೊಲ. ನಾನು ಅವಳು ಬಿಡಿಸಿದ ಸೊಪ್ಪನ್ನು ಬುಟ್ಟಿಗೆ ತುಂಬಿದೆ. ನಾಲ್ಕು ತಾಸು ಒಂದು ಗೋಡೆಯ ಆಚೆ ಈಚೆ ಇದ್ದೆವು. ಒಳಗೆ ಏನು ನಡೆಯುತ್ತಿತ್ತೆಂದು ನನಗೆ ಗೊತ್ತಿರಲಿಲ್ಲ.

ಅಂದಿನಿಂದ ಆ ಯಂತ್ರವನ್ನು ಎಬ್ಬಿಸುವುದೇ ನನಗೆ ಒಂದು ಕೆಲಸವಾಯಿತು. ಆಸ್ಪತ್ರೆಯಿಂದ ಇಪ್ಪತ್ತು ನಿಮಿಷ ನಡೆದರೆ ಮಾರ್ಕೆಟ್ಟಿನ ಹಿಂದೆ ಎಲೆಕ್ಟ್ರಾನಿಕ್ ಸಾಮಾನಿನ ಒಂದು ಸಂದಿ ಇದೆ. ಮಂಗಳವಾರ ಅವಳನ್ನು ಮಂಚಕ್ಕೆ ಸೇರಿಸಿ, ನಾಲ್ಕು ಅಂಗಡಿ ಕೇಳಿದೆ. ನಾಲ್ಕನೆಯವನು, ಇದನ್ನು ಕೈಗೆ ತಗೊಳ್ಳುವವರಿದ್ದರೆ ಚಾಚಾ ಒಬ್ಬರೇ ಎಂದು ಸಂದಿಯ ಕೊನೆ ತೋರಿಸಿದ.

ಚಾಚಾ ಎಪ್ಪತ್ತು ದಾಟಿದ ಮನುಷ್ಯ. ಬಿಳಿ ಗಡ್ಡ, ತಲೆಗೆ ಜಾಳಿಗೆಯ ಟೊಪ್ಪಿಗೆ. ಅಂಗಡಿ ಎಂದರೆ ಒಬ್ಬರು ಕೂತರೆ ಇನ್ನೊಬ್ಬರು ನಿಲ್ಲುವಷ್ಟು ಜಾಗ. ರೇಡಿಯೋ ರಿಪೇರಿಯಿಂದ ಶುರುಮಾಡಿ, ಟಿ.ವಿ.ಗೆ ಬಂದು, ಈಗ ಮೊಬೈಲಿನ ಬೋರ್ಡುಗಳನ್ನು ಸೂಕ್ಷ್ಮದರ್ಶಕದ ಕೆಳಗೆ ಇಟ್ಟು ನೋಡುವವರು. ಗೇಮನ್ನು ಕೈಯಲ್ಲಿ ತಿರುಗಿಸಿ ನೋಡಿ, ಬೇರೆ ಕೆಲಸ ಬಹಳ ಇದೆ, ಇದರ ಬಿಡಿಭಾಗ ಸಿಗುವುದಿಲ್ಲ ಎಂದು ಮರಳಿ ಕೊಟ್ಟರು. ನಾನು ತೆಗೆದುಕೊಳ್ಳಲಿಲ್ಲ. ಅಲ್ಲೇ ನಿಂತು ಗಿಡಗಳ ಸಂಗತಿಯನ್ನು ಹೇಳಿದೆ. ಅಪರಿಚಿತರ ಮುಂದೆ ಮನೆಯ ಮಾತು ಆಡುವವನಲ್ಲ ನಾನು. ಅವರು ಕೇಳುತ್ತ ಕೇಳುತ್ತ ಸೋಲ್ಡರಿಂಗ್ ಕಡ್ಡಿಯನ್ನು ಸ್ಟ್ಯಾಂಡಿಗೆ ಇಟ್ಟರು.

"ಬಿಟ್ಟು ಹೋಗ್ರಿ ಸರ," ಎಂದರು. "ಆಕ್ಕೈತಿ ಅಂತ ಹೇಳಂಗಿಲ್ಲ. ನೋಡತೇನಿ."

ಶುಕ್ರವಾರ ಹೋದಾಗ ಯಂತ್ರ ಹೊಟ್ಟೆ ಬಿಚ್ಚಿಕೊಂಡು ಕೂತಿತ್ತು. ಬ್ಯಾಟರಿ ಸ್ವಲ್ಪ ಉಬ್ಬಿತ್ತು. ಚಾಚಾ ನನ್ನನ್ನು ಸೂಕ್ಷ್ಮದರ್ಶಕಕ್ಕೆ ಕಣ್ಣು ಹಚ್ಚಲು ಹೇಳಿದರು. ಪೋರ್ಟಿನ ಹತ್ತಿರದ ಒಂದು ಪುಟ್ಟ ಕಪ್ಪು ಚಿಪ್ಪಿನ ಅಂಚಿನಲ್ಲಿ ಸುಟ್ಟ ಕಲೆ ಇತ್ತು. ಹೊರಗಿಂದ ಬರುವ ಕರೆಂಟನ್ನು ಅಳೆದು ಒಳಗೆ ಬಿಡುವ ಚಿಪ್ಪು ಅದು. ಯಾವ ಚಾರ್ಜರ್ ಹಾಕಿದ್ದಿರಿ ಎಂದು ಕೇಳಿದರು. ಚೀಲದಲ್ಲಿದ್ದ ಅಡಾಪ್ಟರ್ ತೆಗೆದುಕೊಟ್ಟೆ. ಅವರು ಅದನ್ನು ಮೀಟರಿಗೆ ಜೋಡಿಸಿ ಅಂಕಿ ನನ್ನ ಕಡೆ ತಿರುಗಿಸಿದರು. ಐದು ವೋಲ್ಟ್ ನಿಂತಿರಬೇಕಾದ ಕಡೆ ಅಂಕಿ ಒಮ್ಮೆ ಒಂಬತ್ತಕ್ಕೆ, ಒಮ್ಮೆ ಹನ್ನೆರಡಕ್ಕೆ ಜಿಗಿದು ಇಳಿಯುತ್ತಿತ್ತು.

"ಮೊಬೈಲ್ ತಡಕೋತೈತಿ ಸರ," ಎಂದರು. "ಇದು ತಡಕೊಂಡಿಲ್ಲ."

ಹದಿನೈದು ದಿನ ಪ್ರತಿ ಸಂಜೆ ಅದೇ ಅಡಾಪ್ಟರಿನಲ್ಲಿ ಚಾರ್ಜಿಗೆ ಹಾಕಿದವಳು ಅವಳು. ತಂದುಕೊಟ್ಟವನು ನಾನು. ಮನೆಯಲ್ಲಿ ಮಲ್ಟಿಮೀಟರ್ ಇತ್ತು. ಕಾಲೇಜಿನಿಂದ ಬೀಳ್ಕೊಡುವಾಗ ನಮ್ಮ ಲ್ಯಾಬಿನವರು ಕೊಟ್ಟದ್ದು. ವೋಲ್ಟೇಜು ಅಳೆದು ನೋಡಬೇಕೆಂದು ನನಗೆ ಒಮ್ಮೆಯೂ ಹೊಳೆದಿರಲಿಲ್ಲ. ಮೊಬೈಲು ಚಾರ್ಜ್ ಆದದ್ದನ್ನು ಕಂಡು ಅಡಾಪ್ಟರ್ ಸರಿ ಇದೆ ಎಂದು ತೀರ್ಮಾನಿಸಿದ್ದೆ. ಅಂಥ ತೀರ್ಮಾನ ಬರೆದ ವಿದ್ಯಾರ್ಥಿಗೆ ನಾನು ಅಂಕ ಕೊಡುತ್ತಿರಲಿಲ್ಲ.

ಆಸ್ಪತ್ರೆಗೆ ಮರಳುವಾಗ ಹೆಂಡತಿಗೆ ಹೇಳಬೇಕೆಂದು ಅಂದುಕೊಂಡೆ. ಹೇಳಲಿಲ್ಲ. ಚಿಪ್ಪು ಬದಲಿಸಿದರೆ ಆಗಬಹುದು ಎಂದು ಚಾಚಾ ಹೇಳಿದ್ದರು. ಆದ ಮೇಲೆ ಹೇಳಿದರಾಯಿತು ಎಂದು ಮುಂದೂಡಿದೆ.

ಚಿಪ್ಪು ಹೊರಗಿನಿಂದ ಬರಲು ಹತ್ತಿರ ಹತ್ತಿರ ಎರಡು ವಾರ ಹಿಡಿಯಿತು. ಅಷ್ಟೂ ದಿನ ನಾನು ಮಂಗಳವಾರ ಶುಕ್ರವಾರ ಬೆಂಚು ಬಿಟ್ಟು ಚಾಚಾನ ಅಂಗಡಿಯ ಮುಂದೆ ನಿಲ್ಲುತ್ತಿದ್ದೆ. ಅವರು ಕೆಲಸ ಮಾಡುತ್ತಲೇ ಮಾತಾಡುತ್ತಿದ್ದರು. ರೇಡಿಯೋ ತೆರೆದರೆ ಎಲ್ಲ ಕಣ್ಣಿಗೆ ಕಾಣುತ್ತಿತ್ತು, ಎಲ್ಲಿ ಸುಟ್ಟಿದೆ, ಎಲ್ಲಿ ಬಿಟ್ಟಿದೆ ಎಂದು ವಾಸನೆಯಿಂದಲೇ ಹೇಳಬಹುದಿತ್ತು, ಇವು ಬಾಯಿ ಬಿಡುವುದಿಲ್ಲ ಎನ್ನುತ್ತಿದ್ದರು. ಪ್ರತಿಸಲ ನನ್ನ ಹೆಂಡತಿಯ ಆರೋಗ್ಯ ಕೇಳುತ್ತಿದ್ದರು. ನಿಮ್ಮ ಕಿಡ್ನಿ ಕೊಡಲು ಬರುವುದಿಲ್ಲವೇ ಎಂದು ಒಂದು ದಿನ ಸಂಕೋಚದಿಂದ ಕೇಳಿದರು. ನನಗೆ ಇಪ್ಪತ್ತು ವರ್ಷದಿಂದ ಸಕ್ಕರೆ ಕಾಯಿಲೆ, ಡಾಕ್ಟರು ಮೊದಲ ದಿನವೇ ಬೇಡ ಅಂದರು ಎಂದೆ. ಮಗಳು ಕೊಡುತ್ತೇನೆಂದು ಹಟ ಹಿಡಿದಾಗ ಹೆಂಡತಿ ಅವಳೊಡನೆ ಒಂದು ತಿಂಗಳು ಮಾತು ಬಿಟ್ಟಿದ್ದನ್ನು ಹೇಳಲಿಲ್ಲ.

ಹೆಂಡತಿಯ ನಾಲ್ಕು ತಾಸು ಆ ದಿನಗಳಲ್ಲಿ ಉದ್ದವಾಗತೊಡಗಿದವು. ಮೊದಲು ಮೂರನೇ ತಾಸಿನಲ್ಲಿ ಬರುತ್ತಿದ್ದ ಕಾಲು ಸೆಳೆತ ಎರಡನೇ ತಾಸಿಗೇ ಬರುತ್ತಿತ್ತು. ಗೋಡೆಯ ಗಡಿಯಾರ ನೋಡಬಾರದೆಂದು ಕಣ್ಣು ಮುಚ್ಚುತ್ತಿದ್ದಳು, ಮುಚ್ಚಿದರೆ ಡಯಾಲಿಸಿಸ್ ಯಂತ್ರದ ಸಪ್ಪಳ ಜಾಸ್ತಿ ಕೇಳುತ್ತಿತ್ತಂತೆ. ಮೊಬೈಲಿನಲ್ಲಿ ಏನಾದರೂ ನೋಡು ಎಂದು ನನ್ನ ಫೋನು ಕೊಟ್ಟೆ. ಐದು ನಿಮಿಷಕ್ಕೆ ಅದನ್ನು ದಿಂಬಿನ ಕೆಳಗೆ ಇಟ್ಟಳಂತೆ.

ಚಿಪ್ಪು ಬಂದಿತು. ಅದನ್ನು ಕೂಡಿಸಲು ಚಾಚಾ ಒಂದು ಮಂಗಳವಾರ ಇಡೀ ಬೆಳಿಗ್ಗೆ ಅಂಗಡಿಯ ಅರ್ಧ ಬಾಗಿಲು ಎಳೆದು ಕೂತರು. ಬಿಸಿಗಾಳಿ ಊದಿ ಹಳೆಯದನ್ನು ಎತ್ತಿ, ಇರುವೆಯ ತಲೆಯಷ್ಟು ಅಗಲದ ಕಾಲುಗಳಿಗೆ ಹೊಸದನ್ನು ಹೊಂದಿಸಿದರು. ಹೊಸ ಬ್ಯಾಟರಿ ಹಾಕಿದರು. ಅವರು ತಮ್ಮ ಚಾರ್ಜರಿಗೆ ಒಂದು ಮೀಟರು ಜೋಡಿಸಿ ವಾಯರು ಸಿಕ್ಕಿಸಿದರು. ಸೊನ್ನೆ ಇದ್ದ ಅಂಕಿ ಏರಿತು. ಕರೆಂಟು ಒಳಗೆ ಹೋಗುತ್ತಿತ್ತು.

"ತಗೋಳಾಕತ್ತೈತಿ," ಎಂದರು ಚಾಚಾ. ಅಷ್ಟೇ ಎಂದರು, ನಾನು ಮುಂದಿನದನ್ನು ಕೇಳಲು ನಿಲ್ಲಲಿಲ್ಲ.

ಅರವತ್ತೆರಡು ವರ್ಷದವನು ಮಾರ್ಕೆಟ್ಟಿನ ಗದ್ದಲದಲ್ಲಿ ಹೆಚ್ಚುಕಡಿಮೆ ಓಡಿದೆ. ವಾರ್ಡಿನ ಬಾಗಿಲಲ್ಲಿ ಚಪ್ಪಲಿ ಬಿಟ್ಟು, ಟೆಕ್ನಿಶಿಯನ್ನನ್ನು ಒಂದು ನಿಮಿಷ ಎಂದು ಬೇಡಿಕೊಂಡು ಒಳಗೆ ಹೋದೆ. ಅವಳು ಕಣ್ಣು ಮುಚ್ಚಿದ್ದಳು.

"ಚಾರ್ಜ್ ಆಗಾಕತ್ತೈತಿ," ಎಂದೆ.

ಅವಳು ಕಣ್ಣು ತೆರೆದಳು. ಅವಳ ಮುಖದಲ್ಲಿ ಆಗ ಬಂದ ಬೆಳಕಿಗಾಗಿ ನನ್ನನ್ನು ನಾನು ಇವತ್ತಿಗೂ ಕ್ಷಮಿಸಿಕೊಳ್ಳಲಾರೆ. ಪಕ್ಕದ ಮಂಚದ ನಿವೃತ್ತ ಪೋಸ್ಟ್ ಮಾಸ್ತರರಿಗೆ ಅವಳೇ ಹೇಳಿದಳು, ನನ್ನ ಗೇಮು ಸುಧಾರಿಸಿತಂತೆ ಎಂದು. ಅವರೂ ನಕ್ಕರು.

ಮರಳಿ ಚಾಚಾನ ಹತ್ತಿರ ಹೋದಾಗ ಅವರು ಯಂತ್ರದ ಗುಂಡಿಯನ್ನು ಮತ್ತೆ ಮತ್ತೆ ಒತ್ತುತ್ತಿದ್ದರು. ಚಾರ್ಜ್ ಏರುತ್ತಿತ್ತು, ಪರದೆ ಬೆಳಗುತ್ತಿರಲಿಲ್ಲ. ಶುಕ್ರವಾರದವರೆಗೆ ಬಿಡಿ, ಎಲ್ಲ ಕಡೆ ಪರೀಕ್ಷೆ ಮಾಡುತ್ತೇನೆ ಎಂದರು. ಅಂದು ಸಂಜೆ ಬಸ್ಸಿನಲ್ಲಿ ಹೆಂಡತಿ, ಒಂದು ತಿಂಗಳಾಗುತ್ತ ಬಂತು, ಹೊಲದಲ್ಲಿ ಹುಲ್ಲು ಬೆಳೆದಿರುತ್ತದೆ, ಮೊದಲು ಕಳೆ ತೆಗೆಯಬೇಕು ಎಂದಳು. ನಾನು ಮತ್ತೆ ಹೂಂ ಎಂದೆ.

ಶುಕ್ರವಾರ ಚಾಚಾ ನನಗೆ ಸ್ಟೂಲು ಕೊಟ್ಟು ಕೂಡಿಸಿದರು. ಆಗಲೇ ತಿಳಿಯಿತು. ಚಾರ್ಜಿಂಗ್ ಚಿಪ್ಪು ಸುಡುವ ಮೊದಲು ಆ ಹೆಚ್ಚಿನ ವೋಲ್ಟೇಜು ಅದನ್ನು ದಾಟಿ ಒಳಗೆ ಹೋಗಿತ್ತು. ಮುಖ್ಯ ಪ್ರೊಸೆಸರ್ ಸತ್ತಿತ್ತು. ಈಗ ಬ್ಯಾಟರಿ ತುಂಬುತ್ತದೆ, ತುಂಬಿದ್ದನ್ನು ಬಳಸುವುದು ಏನೂ ಇಲ್ಲ. ನಾನು ಮೆಮೊರಿಯ ಬಗ್ಗೆ ಕೇಳಿದೆ. ಅದೇ ಮಾಡೆಲಿನ ಬೇರೆ ಯಂತ್ರ ಕೊಂಡು ಇದರ ಮೆಮೊರಿಯನ್ನು ಅದರಲ್ಲಿ ಹಾಕಿದರೆ ಆಗದೇ ಎಂದೆ.

"ನಾನೂ ಅದನ್ನ ಕೇಳಿದೆ ಸರ, ಬ್ಯಾರೆ ಊರಿನವರನ್ನ," ಎಂದರು. "ಆ ಮೆಮೊರಿಗೆ ಕೀಲಿ ಹಾಕಿರತಾರ. ಕೀಲಿ ಇರೂದು ಈ ಪ್ರೊಸೆಸರಿನಾಗ. ಅದು ಹೋದಮ್ಯಾಗ ಯಾರೂ ತೆಗ್ಯಾಕ ಬರಂಗಿಲ್ಲ."

ಅಂದರೆ ಹನ್ನೊಂದು ಗಿಡಗಳೂ ಹಲಗೆಗಳೂ ಅದರೊಳಗೆ ಇನ್ನೂ ಇದ್ದವು. ಯಾರಿಗೂ ಕಾಣುವ ಹಾಗಿರಲಿಲ್ಲ. ಚಾಚಾ ಮುಚ್ಚಳ ಕೂಡಿಸಿ, ಸ್ಕ್ರೂ ಎಲ್ಲ ಬಿಗಿದು, ಪರದೆಯನ್ನು ಬಟ್ಟೆಯಿಂದ ಒರೆಸಿ ನನ್ನ ಕೈಗೆ ಕೊಟ್ಟರು. ಬಾಯಿಜೀಗೆ ನನ್ನ ಸಲಾಂ ಹೇಳಿರಿ ಎಂದರು.

ನಾನು ಅವತ್ತು ಎರಡೂ ಸಂಗತಿಯನ್ನು ಬಸ್ಸಿನಲ್ಲಿ ಹೇಳಿದೆ. ಮನೆಯಲ್ಲಿ ಹೇಳುವ ಧೈರ್ಯವಿರಲಿಲ್ಲ, ಬಸ್ಸಿನಲ್ಲಿ ಜನರಿರುತ್ತಾರೆ. ಮೊದಲು ಪ್ರೊಸೆಸರ್ ಹೋದದ್ದು, ಆಮೇಲೆ ಅಡಾಪ್ಟರಿನದು. ಅವಳು ಉಣಕಲ್ ಕೆರೆ ದಾಟುವವರೆಗೂ ಕಿಟಕಿಯ ಆಚೆ ನೋಡುತ್ತಿದ್ದಳು. ಆಮೇಲೆ ಮುಖ ತಿರುಗಿಸದೆಯೇ ಹೇಳಿದಳು.

"ನೀವು ಫಿಜಿಕ್ಸ್ ಕಲಿಸಿದವರು."

ಅಷ್ಟೇ. ಮೂರು ದಿನ ಊಟಕ್ಕೆ ಬರ್ರಿ, ಗುಳಗಿ ತಗೋರಿ ಎಂಬುದರ ಹೊರತು ಮಾತಿರಲಿಲ್ಲ. ಮೂವತ್ತನಾಲ್ಕು ವರ್ಷದಲ್ಲಿ ನಾವು ಜಗಳಾಡದೆ ಇರಲಿಲ್ಲ. ಜಗಳವಾದರೆ ಅವಳು ಪಾತ್ರೆ ಸಪ್ಪಳ ಮಾಡುತ್ತಿದ್ದಳು. ಈ ಸಲ ಪಾತ್ರೆಗಳೂ ಸಪ್ಪಳ ಮಾಡಲಿಲ್ಲ.

ನಾಲ್ಕನೇ ದಿನ ಸಂಜೆ ದೀಪ ಹಚ್ಚಿದ ಮೇಲೆ ಅವಳು ತಾನಾಗಿ ನನ್ನ ಎದುರು ಬಂದು ಕೂತು ಬೆರಳು ಮಡಚಿ ಹೆಸರುಗಳನ್ನು ಹೇಳತೊಡಗಿದಳು. ಮೊದಲು ದರ್ಜಿಯದು. ಆಮೇಲೆ ಕುಂದಗೋಳದ ಕಡೆಯ ಒಬ್ಬ ಅಜ್ಜಿ. ಬಸ್ ಡ್ರೈವರನ ಹೆಂಡತಿ. ಕಾಲೇಜು ಓದುತ್ತಿದ್ದ ಒಬ್ಬ ಹುಡುಗಿ, ಅವಳ ಗಿಡಕ್ಕೆ ಹೂವು ಬಿಡುವ ಜಾತಿಯದನ್ನು ಹುಡುಕಿ ಹಚ್ಚಿದ್ದಳಂತೆ. ಒಂಬತ್ತು ಹೆಸರು ಬಂದವು. ಇನ್ನೆರಡು ಬರಲಿಲ್ಲ. ಒಬ್ಬರು ನೀಲಿ ಥರ್ಮಾಸ್ ತರುತ್ತಿದ್ದರು. ಇನ್ನೊಬ್ಬರು ಸೂಜಿ ಚುಚ್ಚುವಾಗ ಒಂದರಿಂದ ಇಪ್ಪತ್ತರವರೆಗೆ ಗಟ್ಟಿಯಾಗಿ ಎಣಿಸುತ್ತಿದ್ದರು. ಅವರ ದನಿ, ಸೀರೆಯ ಬಣ್ಣ, ಎಲ್ಲ ನೆನಪಿದೆ ಎಂದಳು. ಹೆಸರು ಇಲ್ಲ. ಹಲಗೆಯ ಮೇಲೆ ಇದೆಯಲ್ಲ ಎಂಬ ಧೈರ್ಯಕ್ಕೆ ಬಿಟ್ಟುಬಿಟ್ಟಿದ್ದೆ ಎಂದಳು.

ಮುಂದಿನ ಮಂಗಳವಾರ ನಾನು ಟೆಕ್ನಿಶಿಯನ್ನನ್ನು ಕೇಳಿದೆ. ಅವನು ಬಂದು ಆರು ತಿಂಗಳಾಗಿತ್ತು. ಹಿಂದಿನವನು ಬೇರೆ ಊರಿಗೆ ಹೋಗಿದ್ದ. ಆಫೀಸಿನಲ್ಲಿ ಕೇಳಿದರೆ, ರೋಗಿಗಳ ಹೆಸರು ಹೊರಗಿನವರಿಗೆ ಹೇಳುವಂತಿಲ್ಲ ಎಂದರು. ಅದು ಸರಿಯೇ. ಪೋಸ್ಟ್ ಮಾಸ್ತರರಿಗೆ ಥರ್ಮಾಸ್ ನೆನಪಿತ್ತು, ಹೆಸರು ಗೊತ್ತಿರಲಿಲ್ಲ.

ನಾನು ಒಂದು ನೋಟ್‌ಬುಕ್ ತಂದು, ಒಂಬತ್ತಾದರೂ ಕನ್ನಡದಲ್ಲಿ ಪೂರ್ತಿ ಹೆಸರು ಬರೆದಿಡು ಎಂದೆ.

"ಹಾಳ್ಯಾಗ ಬರದ್ರ ಪಟ್ಟಿ ಆಕ್ಕೈತಿ," ಎಂದಳು. "ಸಾಲ್ಯಾಗ ಹಾಜರಿ ಹಚ್ಚಿ ಹಚ್ಚಿ ಸಾಕಾಗೇತಿ ನನಗ."

ಮಗಳು ಕೇಳದೆಯೇ ಒಂದು ಹೊಸ ಗೇಮು ಕಳಿಸಿದಳು. ಹೆಂಡತಿ ಡಬ್ಬಿಯನ್ನು ಬಿಚ್ಚಲಿಲ್ಲ, ಸಂಕ್ರಮಣಕ್ಕೆ ಮಗಳು ಬಂದಾಗ ಅವಳ ಚೀಲದಲ್ಲೇ ಮರಳಿ ಇಟ್ಟು ಕಳಿಸಿದಳು. ಚಾಚಾ ಒಮ್ಮೆ ಫೋನು ಮಾಡಿ, ಬೇರೊಬ್ಬರ ಯಂತ್ರಕ್ಕೆ ಪರದೆ ಬೇಕಾಗಿದೆ, ನಿಮ್ಮದನ್ನು ಕೊಡುತ್ತೀರಾ ಎಂದು ಹಿಂಜರಿಯುತ್ತ ಕೇಳಿದರು. ಹೆಂಡತಿ ಕೊಟ್ಟುಬಿಡಿ ಎಂದಳು. ನಾನು ಕೊಡಲಿಲ್ಲ. ಯಾಕೆಂದು ನನಗೆ ಹೇಳಲು ಬರುವುದಿಲ್ಲ. ಅದು ನನ್ನ ಕಪಾಟಿನಲ್ಲಿದೆ. ತಿಂಗಳಿಗೊಮ್ಮೆ ಬಾಗಿಲು ಹಾಕಿಕೊಂಡು ಚಾರ್ಜಿಗೆ ಹಾಕುತ್ತೇನೆ, ಬ್ಯಾಟರಿ ಉಬ್ಬಬಾರದೆಂದು ನನಗೆ ನಾನೇ ಹೇಳಿಕೊಳ್ಳುತ್ತೇನೆ.

ಯುಗಾದಿಯ ಹೊತ್ತಿಗೆ ಹೆಂಡತಿಗೆ ಮಲಗಿದರೆ ದಮ್ಮು ಕಟ್ಟತೊಡಗಿತು. ಕಾಲಿನ ಬಾವು ಇಳಿಯಲಿಲ್ಲ. ಡಾಕ್ಟರು ಡಯಾಲಿಸಿಸ್ ವಾರಕ್ಕೆ ಮೂರು ಸಲ ಮಾಡಿದರು. ಈಗ ಮಂಗಳವಾರ, ಗುರುವಾರ, ಶನಿವಾರ. ನಡುವಿನ ದಿನಗಳು ದಣಿವಾರಲು ಸಾಲುವುದಿಲ್ಲ. ಕೈಯ ರಕ್ತನಾಳ ಒಂದು ಸಲ ಮುಚ್ಚಿಕೊಂಡು, ಕುತ್ತಿಗೆಯಲ್ಲಿ ನಳಿಗೆ ಹಾಕಿದರು. ಡಾಕ್ಟರು ನನ್ನನ್ನು ಒಬ್ಬನನ್ನೇ ಒಳಗೆ ಕರೆದು ಮಾತಾಡುವುದು ಹೆಚ್ಚಾಗಿದೆ.

ಆಷಾಢದಲ್ಲಿ ಪೋಸ್ಟ್ ಮಾಸ್ತರರು ಬರುವುದು ಬಿಟ್ಟರು. ಆ ಗುರುವಾರ ಅವರ ಮಂಚದಲ್ಲಿ ಹೆಬ್ಬಳ್ಳಿಯ ಒಬ್ಬ ಹೆಣ್ಣುಮಗಳು ಇದ್ದಳು. ಇಪ್ಪತ್ತೈದರ ಒಳಗಿನವಳು, ಕೈತುಂಬ ಹಸಿರು ಬಳೆ. ಅವಳಿಗೆ ಅದು ಮೊದಲ ಸಲ. ಅವಳ ಅಳು ಹೊರಗಿನ ಬೆಂಚಿನವರೆಗೆ ಕೇಳುತ್ತಿತ್ತು. ಅವಳ ತಾಯಿ ನನ್ನ ಪಕ್ಕದಲ್ಲೇ ಕೂತಿದ್ದಳು. ಎಷ್ಟು ತಿಂಗಳಿಗೆ ಆರಾಮ ಆಗುತ್ತದೆ ಎಂದು ನನ್ನನ್ನು ಕೇಳಿದಳು. ನಾನು ಡಾಕ್ಟರನ್ನು ಕೇಳಿರಿ ಎಂದೆ. ಆಕೆ ಮಗಳ ಮದುವೆ, ಊರು, ಹೆಸರು ಎಲ್ಲ ಹೇಳಿದಳು. ಮೊದಲಾಗಿದ್ದರೆ ನನ್ನ ಹೆಂಡತಿ ಆ ಹುಡುಗಿಯೊಡನೆ ಮಾತಿಗೆ ಇಳಿಯುತ್ತಿದ್ದಳು, ಕುಪ್ಪಸದ ತೋಳು ಹೇಗೆ ಹೊಲಿಸಿಕೊಳ್ಳಬೇಕೆಂದು ಹೇಳಿಕೊಡುತ್ತಿದ್ದಳು.

ಬಸ್ಸಿನಲ್ಲಿ ಆ ಹುಡುಗಿಯ ವಿಷಯ ತೆಗೆದೆ. ಹೆಂಡತಿ ಸೀಟಿಗೆ ತಲೆ ಆನಿಸಿ ಕೂತಿದ್ದಳು.

"ನಾ ಗ್ವಾಡಿ ಕಡೆ ಮಾರಿ ಮಾಡಿ ಮಲಗಿದ್ದೆ," ಎಂದಳು. "ಆಕಿ ಹೆಸರು ನನಗ ಹೇಳಬ್ಯಾಡ್ರಿ."

ಹೊರಗೆ ಜಿಟಿಜಿಟಿ ಮಳೆ ಹಿಡಿದಿತ್ತು. ಸಪ್ತಾಪುರದ ಸ್ಟಾಪಿನಲ್ಲಿ ಇಳಿದು, ಕೊಡೆ ಬಿಚ್ಚಿ, ಅವಳ ಮೊಣಕೈ ಹಿಡಿದು ನಿಧಾನವಾಗಿ ನಡೆಸಿಕೊಂಡು ಮನೆಗೆ ಬಂದೆ.